ಪಹಣಿ ತಿದ್ದಿದವರು ಯಾರು?

ಹೊಳೆನರಸೀಪುರವಿರಲಿ, ಅರಕಲಗೂಡಿರಲಿ, ಬೆಳೆ ಸಾಲಕ್ಕೆ ಹೋದ ರೈತನ ಕೈಯಲ್ಲಿ ಪಹಣಿ, ಅಂದರೆ ಜಮೀನಿನ ದಾಖಲೆ, ಇರಲೇಬೇಕು. ಹಿಂದೆ ಅದು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ಆಗ ರಾಜ್ಯದಲ್ಲಿ ಅಂಥ ಲೆಕ್ಕಿಗರು ಸುಮಾರು 9,000 ಮಂದಿ ಇದ್ದರು. ಒಂದು ಹೆಸರು ಬದಲಾದರೆ, ಒಂದೆರಡು ಗುಂಟೆ ಕಡಿಮೆಯಾದರೆ, ಮಾಡಿದವರು ಯಾರೆಂದು ಹಿಡಿಯುವುದೇ ಕಷ್ಟವಿತ್ತು.

2001ರ ಹೊತ್ತಿಗೆ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವ ರಾಜ್ಯ ಸರ್ಕಾರದ ‘ಭೂಮಿ’ ಯೋಜನೆ ಬಂತು. ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಹಾಸನ, ಚನ್ನರಾಯಪಟ್ಟಣ ಸೇರಿದಂತೆ ತಾಲ್ಲೂಕು ಕಚೇರಿಗಳಲ್ಲಿ ಕೌಂಟರ್‌ಗಳು ಶುರುವಾದವು. ಆಗ ಮುದ್ರಿತ ಪ್ರತಿಗೆ 15 ರೂಪಾಯಿ.

ಪಹಣಿ ಬೇಗ ಸಿಕ್ಕಿತೆಂದು ಜನ ಖುಷಿಪಟ್ಟರು, ಸರಿಯೇ. ಅದಕ್ಕಿಂತ ದೊಡ್ಡ ಬದಲಾವಣೆ ಬೆರಳಚ್ಚಿನದು. ದಾಖಲೆ ತಿದ್ದುವ ಸಿಬ್ಬಂದಿ ಬೆರಳೊತ್ತಿಯೇ ತಂತ್ರಾಂಶದ ಒಳಹೋಗಬೇಕು. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ಉಳಿಯುತ್ತದೆ. ಖಾತೆ ಬದಲಾವಣೆ ಅರ್ಜಿಗಳಿಗೂ ಸರದಿ ಕಟ್ಟಿದರು: ಮೊದಲು ಬಂದದ್ದು ಮೊದಲು. ತಂತ್ರಾಂಶ ಬರೆದವರು ಹೊಣೆಗಾರಿಕೆಯನ್ನು ಒಳಗೇ ಹೆಣೆದದ್ದು ದೊಡ್ಡ ಕೆಲಸ.

ಆದರೆ ಹಳೆಯ ಪುಸ್ತಕದ ತಪ್ಪುಗಳೂ ಹಾಗೇ ಕಂಪ್ಯೂಟರಿಗೆ ಇಳಿದವು. ತಪ್ಪಾದ ಹೆಸರು, ಹೊಂದದ ವಿಸ್ತೀರ್ಣ, ತೀರಿಹೋದ ಅಜ್ಜನ ಖಾತೆ.

ಅವನ್ನು ಸರಿಪಡಿಸಲು ಕಚೇರಿ ಅಲೆಯುವವನು ರೈತ. ಇದು ನ್ಯಾಯವಲ್ಲ. ತಾನು ಮಾಡದ ತಪ್ಪಿಗೆ ಅವನು ದಿನಗೂಲಿ ಕಳೆದುಕೊಳ್ಳಬಾರದು. ದಾಖಲೆ ಇಟ್ಟವರೇ ತಿದ್ದುಪಡಿಗೆ ಮುಂದಾಗಿ ಊರೂರಿಗೆ ಬರಬೇಕು.