ತ್ರಿಕಸಂಧಿಯ ಪರೀಕ್ಷೆ

ಎರಡನೆಯ ಬಾಣಂತನದ ತರುವಾಯ ನನ್ನ ಮಗಳು ಸೊಂಟನೋವಿನಿಂದ ಬಹಳ ಬಳಲಿದಳು. ಫಿಜಿಯೋಥೆರಪಿ ಚಿಕಿತ್ಸಕರೊಬ್ಬರು ಅವಳನ್ನು ನಿಲ್ಲಿಸಿ, ಒಂದೊಂದಾಗಿ ಮೊಣಕಾಲುಗಳನ್ನು ಎತ್ತಿಸಿ, ಬಲಗಡೆಯ ಸಂಧಿಯು ಬಿಗಿದುಕೊಂಡಿರುವುದೆಂದರು. ಎಂಟು ದಿನಗಳ ಮೇಲೆ ಮತ್ತೊಬ್ಬರು ಅದೇ ಪರೀಕ್ಷೆಯನ್ನು ಮಾಡಿ ಎಡಗಡೆಯದೆಂದು ನಿರ್ಣಯಿಸಿದರು. “ಹಾಗಾದರೆ ಕೂಸನ್ನು ಯಾವ ಸೊಂಟಕ್ಕೆ ಎತ್ತಿಕೊಳ್ಳಲಿ, ಅಪ್ಪಾ?” ಎಂದು ಅವಳು ಕೇಳಿದಾಗ, ವ್ಯಾಕರಣದ ಸಂಧಿಗಳನ್ನು ಬಿಡಿಸುವುದರಲ್ಲಿಯೇ ಆಯುಷ್ಯವನ್ನು ಕಳೆದ ನನಗೆ ಉತ್ತರವು ತೋರದೆ ಹೋಯಿತು. ಆ ಬಳಿಕ ಓದಿ ತಿಳಿದುದನ್ನು ವಾಚಕರ ಮುಂದಿಡುತ್ತೇನೆ.

ಬೆನ್ನುಕಂಬದ ತಳದಲ್ಲಿರುವ ತ್ರಿಕಾಸ್ಥಿಯು ಇಕ್ಕೆಲದ ಸೊಂಟದೆಲುಬುಗಳೊಡನೆ ಕೂಡುವ ಸ್ಥಾನವೇ ಈ ಸಂಧಿ. ಸುಶ್ರುತನು ಕಟಿಯ ಚಪ್ಪಟೆ ಎಲುಬುಗಳ ಕೂಡಿಕೆಯನ್ನು ತಲೆಬುರುಡೆಯ ಕೂಡಿಕೆಯೊಡನೆ ಸೇರಿಸಿ ‘ತುನ್ನಸೇವನೀ’ ಎಂದು ಕರೆದಿರುವನು. ಬಟ್ಟೆಯ ಹೊಲಿಗೆಯಂತಹುದೆಂದು ಭಾವ. ಹೊಲಿಗೆಯಾದರೂ ಕೊಂಚ ಜಗ್ಗುವುದಷ್ಟೆ! ಎಷ್ಟು ಜಗ್ಗುವುದೆಂಬುದನ್ನು 1989ರಲ್ಲಿ ಸ್ವೀಡನ್ ದೇಶದ ಸ್ಟುರೆಸ್ಸೊನ್ ಮೊದಲಾದವರು 25 ಮಂದಿ ರೋಗಿಗಳಲ್ಲಿ ಅಳೆದರು. ಎಲುಬುಗಳಲ್ಲಿ ಟ್ಯಾಂಟಲಮ್ ಲೋಹದ ಕಿರಿಗುಂಡುಗಳನ್ನು ನೆಟ್ಟು ಕ್ಷ-ಕಿರಣಗಳಿಂದ ನೋಡಲಾಗಿ, ತಿರುಗುವಿಕೆಯು ಸರಾಸರಿ 2.5 ಡಿಗ್ರಿ, ಜಾರುವಿಕೆಯು 0.7 ಮಿಲಿಮೀಟರು ಮಾತ್ರವೇ ಇದ್ದಿತು.

ಮಗಳಿಗೆ ಮಾಡಿದುದು ಗಿಲೆಟ್ ಪರೀಕ್ಷೆ. ರೋಗಿಯ ಹಿಂದೆ ಕುಳಿತ ಪರೀಕ್ಷಕನು ಸೊಂಟದ ಹಿಂಗುಬ್ಬಿನ ಮೇಲೊಂದು, ತ್ರಿಕಾಸ್ಥಿಯ ನಡುವೆ ಇನ್ನೊಂದು ಹೆಬ್ಬೆರಳನ್ನಿಡುವನು. ಆ ಪಕ್ಕದ ಮೊಣಕಾಲನ್ನೆತ್ತಿದಾಗ ಮೊದಲನೆಯ ಬೆರಳು ಕೆಳಗಿಳಿಯಬೇಕು. ಇಳಿಯದಿದ್ದರೆ ಸಂಧಿಯು ಬಿಗಿದಿದೆಯೆಂದು ತರ್ಕ. ತರ್ಕವೇನೋ ಸೊಗಸಾಗಿದೆ. ಆದರೆ ಚರ್ಮ, ಮೇದಸ್ಸುಗಳ ಮೇಲಿಂದ ಒಂದು ಮಿಲಿಮೀಟರಿಗೂ ಕಡಮೆಯಾದ ಚಲನೆಯನ್ನು ಯಾವ ಹೆಬ್ಬೆರಳು ತಾನೆ ಅಳೆದೀತು? 2000ದಲ್ಲಿ ಸ್ಟುರೆಸ್ಸೊನ್ ಸಂಗಡಿಗರು ಈ ಭಂಗಿಯನ್ನೇ ಅಳೆದು, ಚಲನೆಯನ್ನು ಅರಿಯಲು ಈ ಪರೀಕ್ಷೆಯು ತಕ್ಕುದಲ್ಲವೆಂದರು. ಅದಕ್ಕೂ ಮುಂಚೆ, 1985ರಲ್ಲಿಯೇ, ಅಮೆರಿಕದ ಪಾಟರ್ ಮತ್ತು ರಾಥ್‌ಸ್ಟೈನ್ ಎಂಬವರು 13 ಪರೀಕ್ಷೆಗಳನ್ನು ಒರೆಗೆ ಹಚ್ಚಿದ್ದರು. ಅವುಗಳಲ್ಲಿ 11ರಲ್ಲಿ ಪರೀಕ್ಷಕರೊಳಗಿನ ಒಮ್ಮತವು ನೂರಕ್ಕೆ 70ನ್ನೂ ಮುಟ್ಟಲಿಲ್ಲ. ಉಳಿದೆರಡು, ಬೆರಳನ್ನು ನಂಬದೆ ರೋಗಿಯ ಬಾಯಿಮಾತನ್ನು ನಂಬಿದವು.

ಈ ಎರಡನೆಯ ಜಾತಿಯ ಪರೀಕ್ಷೆಗಳಲ್ಲಿ ಸಂಧಿಯನ್ನು ಒತ್ತಿ, ನೋವು ಕೆರಳುವುದೋ ಎಂದು ಕೇಳುವರು: ಅಂಗಾತ ಮಲಗಿಸಿ ಸೊಂಟದ ಮುಂಗುಬ್ಬುಗಳನ್ನು ಹೊರಕ್ಕೆ ತಳ್ಳುವುದು, ಮಗ್ಗುಲಾಗಿ ಮಲಗಿಸಿ ಕೆಳಕ್ಕೆ ಅದುಮುವುದು, ಮಡಿಸಿದ ತೊಡೆಯ ಮೂಲಕ ಒತ್ತುವುದು ಇತ್ಯಾದಿ. ಒಂದೇ ಪರೀಕ್ಷೆ ಸಾಲದು. ಮೂರಾದರೂ ಅದೇ ನೋವನ್ನು ಕೆರಳಿಸಿದರೆ ಸಂದೇಹವು ಬಲಪಡುವುದೆಂದು 2005ರಲ್ಲಿ ಲ್ಯಾಸ್ಲೆಟ್ ಮೊದಲಾದವರು ತೋರಿಸಿದರು.

ಮೂರನೆಯ ಚಿಕಿತ್ಸಕಿಯು ಹೀಗೆಯೇ ಒತ್ತಿ, ಪ್ರತಿಸಲವೂ “ಇದೇ ನೋವೇನಮ್ಮ?” ಎಂದು ಕೇಳಿದರು. ಎಡಗಡೆಯಲ್ಲಿ ಮಗಳು ಮೂರು ಬಾರಿ ಹೌದೆಂದಳು. ಕೂಸನ್ನು ಯಾವ ಸೊಂಟಕ್ಕೂ ಬೇಡ, ಎದೆಗೊತ್ತಿ ಎತ್ತಿಕೊಳ್ಳಿರೆಂದು ಆಕೆ ಹೇಳಿದರು.