ಬೆಳಕಿನಿಂದ ಆಕಾಶವನ್ನಳೆಯುವವರ ದೋಷವಿಚಾರ

ಯೂರೋಪ್ ಖಂಡದ ನಾನಾ ದೇಶಗಳ ವೀಕ್ಷಣಾಲಯಗಳು 2000ನೆಯ ಇಸವಿಯಲ್ಲಿ ಒಂದುಗೂಡಿ ಕಟ್ಟಿದ ‘ಅರ್ಲಿನೆಟ್’ ಎಂಬ ಬಳಗವು, ವಾಯುಮಂಡಲದಲ್ಲಿ ತೇಲುವ ಧೂಳು, ಹೊಗೆ, ಸಮುದ್ರಲವಣ, ಜ್ವಾಲಾಮುಖಿಯ ಬೂದಿ ಮೊದಲಾದ ಸೂಕ್ಷ್ಮಕಣಗಳನ್ನು ಲೇಸರ್ ಕಿರಣದಿಂದ ಎತ್ತರಕ್ಕನುಗುಣವಾಗಿ ಅಳೆಯುತ್ತಿರುವುದು. ಅಳೆಯುವ ಸಂಸ್ಥೆಗಳು ಲೋಕದಲ್ಲಿ ಅನೇಕವುಂಟು. ತಮ್ಮ ಅಳತೆಯು ಎಲ್ಲೆಲ್ಲಿ ತಪ್ಪಬಹುದೆಂಬುದನ್ನು ಈ ಬಳಗದಷ್ಟು ನಿಷ್ಠೆಯಿಂದ ಶೋಧಿಸಿಕೊಂಡವು ವಿರಳ.

ಇದರ ಉಪಕರಣವಾದ ಲೈಡಾರ್ ಲೇಸರಿನ ಕ್ಷಣಿಕ ಮಿಂಚನ್ನು ಆಕಾಶಕ್ಕೆ ಹಾಯಿಸಿ, ಕಣಗಳಿಗೂ ಗಾಳಿಯ ಅಣುಗಳಿಗೂ ತಗುಲಿ ಚದುರಿ ಹಿಂದಿರುಗುವ ಬೆಳಕನ್ನು ದೂರದರ್ಶಕದಿಂದ ಸಂಗ್ರಹಿಸುವುದು. ಒಂದು ಮೈಕ್ರೋಸೆಕೆಂಡಿನ ವಿಳಂಬಕ್ಕೆ 150 ಮೀಟರ್ ಎತ್ತರವೆಂದು ಗಣಿಸಲಾಗುವುದು. 1960ರಲ್ಲಿ ಲೇಸರು ಹುಟ್ಟಿದ ಕೆಲವೇ ವರ್ಷಗಳಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಫಿಯೊಕ್ಕೊ ಮತ್ತು ಅವರ ಸಹಚರರು ಈ ವಿಧಾನದಿಂದ ಸುಮಾರು 20 ಕಿಲೋಮೀಟರ್ ಎತ್ತರದ ಕಣಸ್ತರವನ್ನು ಗುರುತಿಸಿದರು.

ಆದರೆ ಹಿಂದಿರುಗುವ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕ್ಷೀಣಿಸುವುದರಿಂದ ಎತ್ತರದ ಸುದ್ದಿಯನ್ನು ತರುವ ಫೋಟಾನುಗಳು ಅತ್ಯಲ್ಪ. ನೂರು ಫೋಟಾನುಗಳನ್ನು ಎಣಿಸಿದಲ್ಲಿ ಶೇಕಡ 10ರಷ್ಟು, ಹತ್ತು ಸಾವಿರವನ್ನು ಎಣಿಸಿದಲ್ಲಿ ಶೇಕಡ 1ರಷ್ಟು ಅನಿಶ್ಚಿತತೆ ಪ್ರಕೃತಿಸಹಜವಾಗಿಯೇ ಉಳಿಯುವುದು. ಹಗಲಿನಲ್ಲಿ ಸೂರ್ಯಪ್ರಕಾಶವೂ ಆ ಬೆಳಕಿನೊಡನೆ ಬೆರೆಯುವುದು. ಸಮೀಪದಲ್ಲಿಯಾದರೋ ತೊಂದರೆ ತದ್ವಿರುದ್ಧ: ಬೆಳಕು ಯಥೇಚ್ಛವಾಗಿ ಬಂದು, ಜಾತ್ರೆಯ ಬಾಗಿಲಲ್ಲಿ ತಲೆಯೆಣಿಸುವವನು ಇಬ್ಬರು ಒಟ್ಟಿಗೆ ನುಗ್ಗಿದಾಗ ಒಬ್ಬನನ್ನು ಬಿಟ್ಟುಬಿಡುವಂತೆ, ಎಣಿಕೆಯ ಯಂತ್ರವು ಲೆಕ್ಕ ತಪ್ಪುವುದು. ಸಾಲದುದಕ್ಕೆ, ಮೊದಲ ಕೆಲವು ನೂರು ಮೀಟರುಗಳಲ್ಲಿ ಲೇಸರ್ ಕಿರಣವು ದೂರದರ್ಶಕದ ದೃಷ್ಟಿಕ್ಷೇತ್ರದೊಳಗೆ ಪೂರ್ಣವಾಗಿ ಬಂದಿರುವುದೇ ಇಲ್ಲ. ನಾವು ಉಸಿರಾಡುವ ಗಾಳಿಯ ವಿಷಯದಲ್ಲಿಯೇ ಈ ಉಪಕರಣವು ಅರೆಕುರುಡಾಗಿರುವುದೆಂಬುದು ಖೇದಕರ.

ಇವೆಲ್ಲ ಯಂತ್ರದ ದೋಷಗಳು. ಇವುಗಳಿಗಿಂತ ಗಹನವಾದುದು ಗಣಿತದಲ್ಲಿರುವುದು. ಕಣಗಳು ಎಷ್ಟು ಬೆಳಕನ್ನು ಹಿಂದಕ್ಕೆ ಚದುರಿಸುವವು, ಹಾದಿಯಲ್ಲಿ ಎಷ್ಟನ್ನು ಕುಂದಿಸುವವು ಎಂಬ ಎರಡು ಅಜ್ಞಾತಗಳಿಗೆ ಸಮೀಕರಣವಿರುವುದು ಒಂದೇ. ಕೆಳಗಿನಿಂದ ಮೇಲಕ್ಕೆ ಲೆಕ್ಕಮಾಡುತ್ತ ಹೋದರೆ ಸಣ್ಣ ತಪ್ಪು ಬೆಳೆಯುತ್ತ ಹೋಗುವುದೆಂದೂ ಮೇಲಿನಿಂದ ಕೆಳಕ್ಕೆ ಬಂದರೆ ಕುಗ್ಗುವುದೆಂದೂ ಕ್ಲೆಟ್ ಎಂಬ ವಿದ್ವಾಂಸರು 1981ರಲ್ಲಿ ತೋರಿಸಿದರು. ಆದಾಗ್ಯೂ ಆ ಎರಡು ಅಜ್ಞಾತಗಳ ಅನುಪಾತವನ್ನು ಊಹಿಸದೆ ಗತ್ಯಂತರವಿರಲಿಲ್ಲ. ಸಮುದ್ರಲವಣಕ್ಕೆ ಅದು 20ರ ಆಸುಪಾಸಿನಲ್ಲಿದ್ದರೆ ಹೊಗೆಗೆ 60ನ್ನೂ ಮೀರಬಹುದು. ಒಂದನ್ನು ಇನ್ನೊಂದೆಂದು ಭ್ರಮಿಸಿದರೆ ಉತ್ತರವು ಎಷ್ಟು ದೂರ ಸರಿಯುವುದೆಂದು ವಾಚಕರೇ ಊಹಿಸಬಹುದು.

ಈ ಬಂಧನದಿಂದ ಬಿಡುಗಡೆ ದೊರೆತುದು, ಮುಂದೆ ಬೆಂಗಳೂರನ್ನೇ ತಮ್ಮ ಕರ್ಮಭೂಮಿಯನ್ನಾಗಿ ಮಾಡಿಕೊಂಡ ಸರ್ ಸಿ. ವಿ. ರಾಮನ್‌ರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದ ಪರಿಣಾಮದಿಂದ. 355 ನ್ಯಾನೋಮೀಟರಿನ ಕಿರಣವನ್ನು ಕಳುಹಿದರೆ ಸಾರಜನಕದ ಅಣುಗಳು ಅದರ ಅತ್ಯಲ್ಪಾಂಶವನ್ನು 387 ನ್ಯಾನೋಮೀಟರಿಗೆ ಬದಲಿಸಿ ಹಿಂದಿರುಗಿಸುವವು. ಸಾರಜನಕವು ಗಾಳಿಯಲ್ಲಿ ಎಷ್ಟಿರುವುದೆಂಬುದು ತಿಳಿದ ಸಂಗತಿಯಾದುದರಿಂದ, ಈ ಬೆಳಕು ಕುಂದಿದ ಪ್ರಮಾಣದಿಂದಲೇ ಕಣಗಳ ಪ್ರಭಾವವು ಆ ಅನುಪಾತದ ಊಹೆಯ ಹಂಗಿಲ್ಲದೆ ಹೊರಬೀಳುವುದು. ಸಂಕೇತವು ತೀರ ದುರ್ಬಲವಾದುದರಿಂದ ಈ ಕೆಲಸಕ್ಕೆ ರಾತ್ರಿಯೇ ಪ್ರಶಸ್ತ.

ಅರ್ಲಿನೆಟ್ಟಿನವರು ತಮ್ಮ ಉಪಕರಣಗಳನ್ನು ಪರೀಕ್ಷಿಸುವ ಕ್ರಮವು ಬಲು ಸರಳವೂ ಅಷ್ಟೇ ಕಠಿನವೂ ಆಗಿರುವುದು. ದೂರದರ್ಶಕದ ಬಾಯನ್ನು ನಾಲ್ಕು ಪಾಲುಮಾಡಿ, ಮೂರನ್ನು ಮುಚ್ಚಿ ಒಂದನ್ನು ಮಾತ್ರ ತೆರೆದು, ಸರದಿಯಂತೆ ನಾಲ್ಕು ಬಾರಿ ಅಳೆಯುವರು. ಮೇಲ್ಮಟ್ಟದಲ್ಲಿ ನಾಲ್ಕು ರೇಖೆಗಳೂ ಒಂದೇ ಆಕಾರವನ್ನು ತಾಳದಿದ್ದಲ್ಲಿ ಜೋಡಣೆಯಲ್ಲಿ ಲೋಪವಿರುವುದು ನಿಶ್ಚಯ. 2009ರ ಮೇ ತಿಂಗಳಲ್ಲಿ ಜರ್ಮನಿಯ ಲೈಪ್ಸಿಗ್ ನಗರಕ್ಕೆ ಹಲವು ಕೇಂದ್ರಗಳ ಲೈಡಾರುಗಳನ್ನು ತಂದು, ಒಂದೇ ಆಕಾಶವನ್ನು ಒಟ್ಟಿಗೆ ಅಳೆಯಿಸಿ ತಾಳೆನೋಡಿದರು. ಮರುವರ್ಷದ ಏಪ್ರಿಲಿನಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿಯೊಂದು ಬೂದಿಯುಗುಳಿ ಯೂರೋಪಿನ ವಿಮಾನಸಂಚಾರವೇ ಸ್ತಬ್ಧವಾದಾಗ, ಬೂದಿಯು ಯಾವ ಎತ್ತರದಲ್ಲಿರುವುದೆಂದು ಹೇಳಲು ಈ ಬಳಗವು ಸಿದ್ಧವಾಗಿತ್ತು. ಬೂದಿಯ ತೂಕವೆಷ್ಟೆಂಬ ಪ್ರಶ್ನೆಗಾದರೋ ಕಣಗಳ ಗಾತ್ರವನ್ನೂ ಸಾಂದ್ರತೆಯನ್ನೂ ಊಹಿಸಬೇಕಾದುದರಿಂದ, ಆ ಉತ್ತರದ ಅನಿಶ್ಚಿತತೆ ದೊಡ್ಡದಾಗಿಯೇ ಉಳಿಯಿತು.

ಈ ಬಳಗದ ಅಳತೆಗಳು ಈಗ ಸಾರ್ವಜನಿಕರಿಗೆ ತೆರೆದಿರುವುವು. ನಮ್ಮ ಕಾಲೇಜುಗಳ ಭೌತವಿಜ್ಞಾನದ ಅಧ್ಯಾಪಕರು ಅವನ್ನು ವಿದ್ಯಾರ್ಥಿಗಳ ಮುಂದಿರಿಸಿ, ರೇಖೆಯನ್ನು ಮಾತ್ರವಲ್ಲದೆ ಅದರ ದೋಷಮಿತಿಯನ್ನೂ ಓದಲು ಕಲಿಸಬೇಕೆಂದು ನನ್ನ ಬಿನ್ನಹ.