ಗದ್ದದ ಮ್ಯಾಲಿನ ಕೂದಲು

ನಾಟಿ ಕಾಲಕ್ಕ ಗಂಗಾವತಿ ಕಡಿ ಸಿದ್ದಾಪುರದ ಗದ್ದಿಗೆ ಹೋಗೋ ಹೆಣ್ಮಕ್ಕಳು ಮುಖಕ್ಕ ಅರಿವಿ ಸುತ್ತಿಕೊಂತಾರ, ಬಿಸಿಲಿಗೆ ಅಂತ. ಕೆಲವರಿಗೆ ಮನಿಗೆ ಬಂದ ಮ್ಯಾಲೂ ಅದನ್ನ ತೆಗೆಯೋ ಮನಸ್ಸಾಗಂಗಿಲ್ಲ. ಗದ್ದದ ಮ್ಯಾಲೆ ನಾಲ್ಕು ದಪ್ಪ ಕೂದಲು.

ಅಕ್ಕಾ, ಇದು ನಿಮ್ಮ ತಪ್ಪಲ್ಲ. ಆಂಡ್ರೊಜನ್ ಹಾರ್ಮೋನು ಗಂಡಸರ ಮೈಯಾಗಷ್ಟ ಅಲ್ಲ, ನಮ್ಮ ಮೈಯಾಗೂ ಇರತೈತಿ. ಅದು ಹೆಚ್ಚಾದ್ರ ನವಿರು ಕೂದಲು ಕಪ್ಪಾಗಿ ಗಟ್ಟಿ ಆಗತೈತಿ. ಬಹಳ ಮಂದಿಗೆ ಮೂಲ ಪಿಸಿಓಎಸ್, ಅಂದ್ರ ಹಾರ್ಮೋನು ಏರುಪೇರಾಗಿ ಮುಟ್ಟು ಹಿಂದ ಮುಂದ ಆಗೋ ತೊಂದರಿ. ಮುಟ್ಟು ಎರಡು ಮೂರು ತಿಂಗಳು ತಡ ಆಗ್ತಿದ್ರ, ಮೊಡವಿ ಏಳ್ತಿದ್ರ, ಮೊದಲು ಡಾಕ್ಟರಿಗೆ ತೋರಿಸ್ರಿ.

"ರೇಜರ್ ಮುಟ್ಟಿಸಬ್ಯಾಡ, ಗಡ್ಡ ದಪ್ಪ ಬರತೈತಿ" ಅಂತ ಅವ್ವ, ಅತ್ತಿ ಎಲ್ಲರೂ ಹೇಳಿರ್ತಾರ. ಬರಂಗಿಲ್ರಿ. 1928ರಾಗ ಅಮೆರಿಕದ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ ಇದನ್ನ ಅಳದು ನೋಡ್ಯಾರ. ಕತ್ತರಿಸಿದ ತುದಿ ಮೊಂಡ ಇರತೈತಿ, ಅದಕ್ಕ ಕೈಗೆ ಚುಚ್ಚತೈತಿ, ಅಷ್ಟ. ಅರಿಷಿಣ, ಕಡ್ಲಿಹಿಟ್ಟು ಹಚ್ಚಿ ತಿಕ್ಕಿದ್ರ ಸಣ್ಣ ನವಿರು ಹೋದೀತು, ಬೇರು ಹೋಗಂಗಿಲ್ಲ. ಜೋರ್ ತಿಕ್ಕಿದ್ರ ಉಳಿಯೋದು ಕಪ್ಪು ಕಲಿ.

ಡಾಕ್ಟರ್ ಗುಳಿಗಿ ಕೊಟ್ರ ಆರು ತಿಂಗಳಾದ್ರೂ ತಾಳ್ಮಿ ಬೇಕು. ಬಸಿರಾಗೋ ವಿಚಾರ ಇದ್ರ ಮೊದಲ ಹೇಳ್ರಿ, ಕೆಲವು ಗುಳಿಗಿ ಆಗ ತಗೊಳ್ಳೂವಂಗಿಲ್ಲ. ಲೇಸರ್ ಕಪ್ಪು ಕೂದಲಿಗೆ ಹಿಡಿತೈತಿ, ಬಿಳಿ ಕೂದಲಿಗಿಲ್ಲ. ಒಂದ ಸಲಕ್ಕ ಮುಗಿಯೋದೂ ಅಲ್ಲ.

ಆದ್ರ ಕೆಲವ ತಿಂಗಳಿನಾಗ ಕೂದಲು ಒಮ್ಮೆಲೆ ಹೆಚ್ಚಾಗಿ, ದನಿ ಗಡಸಾದ್ರ ಒಂದು ವಾರನೂ ಕಾಯಬ್ಯಾಡ್ರಿ. ಗಂಗಾವತಿಯಾಗ ಸರ್ಕಾರಿ ಆಸ್ಪತ್ರಿ ಐತಿ, ಕೊಪ್ಪಳದಾಗ ಸರ್ಕಾರಿ ವೈದ್ಯಕೀಯ ಕಾಲೇಜ ಐತಿ. ಒಬ್ಬಾಕಿನ ಹೋಗಾಕ ಸಂಕೋಚಾದ್ರ ಗೆಳತಿನ್ನ ಕರಕೊಂಡು ಬಸ್ ಹತ್ರಿ.